ಒದ್ದೆ ಅರಿವೆ

"ಇನ್ನೊಂದೀಟ ತಾಳ್ರಿ, ಹೊಕ್ಕಳ ಕೆಳಗಿಂದು ಇನ್ನೂ ಹೋಗವಲ್ದು," ಎನ್ನುತ್ತ ರುಕ್ಮಿಣಿ ತೆಂಗಿನ ನಾರಿಗೆ ಮತ್ತಷ್ಟು ಬ್ಲೀಚಿಂಗ್ ಪುಡಿ ಮೆತ್ತಿಕೊಂಡಳು.

ಗುಂಡಪ್ಪ ಬಚ್ಚಲ ಗೋಡೆಗೆ ಎರಡೂ ಕೈ ಆನಿಸಿ ಹಲ್ಲು ಕಚ್ಚಿ ನಿಂತಿದ್ದ. ಅಹಮದಾಬಾದಿನ ವಟ್ವಾದ ಆ ಚಾಲಿಯ ಒಂಟಿಕೋಣೆ ಮನೆಯಲ್ಲಿ ಬಚ್ಚಲೆಂದರೆ ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕೂರಬೇಕಾದಷ್ಟು ಜಾಗ. ರುಕ್ಮಿಣಿ ಹಾಗೇ ಕೂತು ಗಂಡನ ಹೊಟ್ಟೆ ತಿಕ್ಕುತ್ತಿದ್ದಳು. ಮೋರಿಗೆ ಇಳಿಯುವ ನೀರು ಮೊದಲು ಕಡು ನೇರಳೆಯಾಗಿತ್ತು, ಆಮೇಲೆ ತಿಳಿಯಾಯಿತು. ಹೊಟ್ಟೆಯ ಬಣ್ಣ ಮಾತ್ರ ಹಬ್ಬ ಮುಗಿದರೂ ಹೊರಡಲೊಲ್ಲದ ನೆಂಟನ ಹಾಗೆ ಕೂತೇ ಇತ್ತು.

"ಉರಿಯಾಕತ್ತೈತಿ," ಎಂದ ಗುಂಡಪ್ಪ.

"ಉರೀಲಿ. ಮುಂಜಾನೆ ಮತ್ತ ಆಕಿ ಮುಂದ ಮಾನ ಹೋಗೂದಕಿಂತ ಉರಿಯೂದು ಚಲೋ."

ಆಕೆ ಎಂದರೆ ಆಸ್ಪತ್ರೆಯ ನರ್ಸ್ ಮೀರಾಬೆನ್. ಆ ದಿನ ಗುಂಡಪ್ಪನನ್ನು ಆಪರೇಷನ್ನಿಗೆಂದು ಸೇರಿಸಲು ಹೋಗಿದ್ದರು. ಕಾರ್ಖಾನೆಯಲ್ಲಿ ಬಣ್ಣದ ಡ್ರಮ್ಮು ಎತ್ತೀ ಎತ್ತೀ ಅವನ ಬಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಹರ್ನಿಯಾ, ಹೊಟ್ಟೆಯೊಳಗಿನ ಕರುಳು ಹೊರಗೆ ತಳ್ಳಿಕೊಂಡು ಬಂದಿದೆ, ಮಲಗಿದರೆ ಒಳಗೆ ಹೋಗುತ್ತದೆ, ಎಂದಾದರೂ ಹೋಗದೆ ಸಿಕ್ಕಿಕೊಂಡರೆ ಕೊಳೆತು ಜೀವಕ್ಕೇ ಬರುತ್ತದೆ ಎಂದು ಸರ್ಜನ್ ಪಾರೇಖ್ ಸಾಹೇಬರು ಬಿಡಿಸಿ ಹೇಳಿದ್ದರು. ಆದರೆ ಮೀರಾಬೆನ್ ಅಂಗಿ ಎತ್ತಿ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. "ಛೀ, ಎಷ್ಟು ಗಂದಾ! ಇದೇನು ಮೈಯೋ ಗಟಾರವೋ? ಮನೆಗೆ ಹೋಗಿ, ಸರಿಯಾಗಿ ಸ್ನಾನ ಮಾಡಿಕೊಂಡು ಬೆಳಗ್ಗೆ ಬನ್ನಿ. ಹೀಗೆ ಥಿಯೇಟರಿನ ಒಳಗೆ ಬಿಡೋದಿಲ್ಲ." ಸೂರತ್ತಿನಲ್ಲಿ ಪ್ಲೇಗ್ ಬಂದು ಹೋಗಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಊರಿನ ಪ್ರತಿಯೊಬ್ಬನೂ ಪಕ್ಕದವನ ಕೊಳೆಯನ್ನು ಹುಡುಕುವ ಕಾಲ. ವಾರ್ಡಿನ ಮಂಚಗಳೆಲ್ಲ ನಕ್ಕವು. ಜೊತೆಗೆ ಹೋಗಿದ್ದ ಮಗಳು ವಿಂಧ್ಯಾ ತನ್ನ ಚಪ್ಪಲಿ ನೋಡುತ್ತ ನಿಂತುಬಿಟ್ಟಿದ್ದಳು.

ಬಣ್ಣದ ಕಾರ್ಖಾನೆಯಲ್ಲಿ ಯಾರು ಯಾವ ಶೆಡ್ಡಿನವರೆಂದು ತಿಳಿಯಲು ಯಾರನ್ನೂ ಕೇಳಬೇಕಿರಲಿಲ್ಲ, ಕಿವಿಗಂಟಿದ ಬಣ್ಣ ನೋಡಿದರೆ ಸಾಕಿತ್ತು. ಗುಂಡಪ್ಪ ನೇರಳೆ ಪುಡಿಯನ್ನು ಚೀಲಕ್ಕೆ ತುಂಬುವವನು. ಮೂಗಿಗೆ ವಸ್ತ್ರ ಕಟ್ಟಿಕೊಂಡರೂ ಪುಡಿ ಅಂಗಿಯೊಳಗೆ ಇಳಿದು ಬೆವರಿನಲ್ಲಿ ಕರಗಿ ಚರ್ಮದೊಳಗೇ ಹೊಕ್ಕು ಕೂರುತ್ತಿತ್ತು. ಅವನ ದಿಂಬು ನೇರಳೆ, ಅವನ ಟವೆಲು ನೇರಳೆ, ರೊಟ್ಟಿ ಮುರಿಯುವ ಉಗುರೂ ನೇರಳೆ. ಸಂಜೆ ಪಾಳಿ ಮುಗಿದಾಗ ಗೇಟಿನ ಹತ್ತಿರ ಬ್ಲೀಚಿಂಗ್ ಪುಡಿ ಕಲಸಿಟ್ಟ ನೀರಿನ ಡ್ರಮ್ಮಿಗೆ ಎಲ್ಲರೂ ಮೊಣಕೈವರೆಗೆ ಕೈ ಅದ್ದುತ್ತಿದ್ದರು. ಕೈಯೇನೋ ಒಂದಿಷ್ಟು ಬೆಳ್ಳಗಾಗುತ್ತಿತ್ತು. ವರ್ಷಗಟ್ಟಲೆ ಅದ್ದಿ ಅದ್ದಿ ಅವರ ಕೈಯ ತೊಗಲು ಎಮ್ಮೆಯ ತೊಗಲಾಗಿ ಹೋಗಿದ್ದರಿಂದ ಉರಿ ಎಂದರೇನೆಂದು ಯಾರಿಗೂ ನೆನಪಿರಲಿಲ್ಲ. ಕೈಗೆ ಆಗುವುದು ಹೊಟ್ಟೆಗೆ ಆಗದೇ ಎಂದು ಗುಂಡಪ್ಪ ಒಂದು ಪೊಟ್ಟಣ ಬ್ಲೀಚಿಂಗ್ ಮನೆಗೆ ತಂದಿದ್ದ. ಹೊಟ್ಟೆಯ ಚರ್ಮಕ್ಕೆ ಆ ಅಭ್ಯಾಸವಿಲ್ಲ ಎಂಬುದು ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ.

ಬೆಳಗ್ಗೆ ಪಾರೇಖ್ ಸಾಹೇಬರು ಅಂಗಿ ಎತ್ತಿದಾಗ ಹೊಕ್ಕಳಿನಿಂದ ತೊಡೆಸಂದಿಯವರೆಗೆ ಚರ್ಮ ಸುಲಿದು ಕೆಂಪಾಗಿತ್ತು. ಅಲ್ಲಲ್ಲಿ ನೀರುಗುಳ್ಳೆ ಎದ್ದು, ನಡುನಡುವೆ ನೇರಳೆ ತೇಪೆ ಹಾಗೇ ಉಳಿದಿತ್ತು. ಸಾಹೇಬರು ಅಂಗಿ ಇಳಿಸಿದರು.

"ಸುಟ್ಟ ಚರ್ಮದ ಮೇಲೆ ನಾನು ಕತ್ತಿ ಇಡೋದಿಲ್ಲ. ಇಟ್ಟರೆ ಕೀವು ನೇರ ಒಳಗೆ ಇಳಿಯುತ್ತೆ. ಮೊದಲು ಇದು ಮಾಯಲಿ. ಕೆಲಸಕ್ಕೆ ರಜಾ ಹಾಕಿ ಮನೆಯಲ್ಲಿರಿ, ಬಣ್ಣ ತಾನಾಗಿ ಬಿಡುತ್ತೆ. ಅದು ಹೋದ ಮೇಲೆ ಬನ್ನಿ."

ರುಕ್ಮಿಣಿಗೆ ಸಂತೆ ಹಿಂದಿ ಬರುತ್ತಿತ್ತು. ಆದರೆ ಸಿಟ್ಟೋ ಅಳುವೋ ಬಂದಾಗ ಅದು ಕೈಕೊಡುತ್ತಿತ್ತು. ಮಗಳ ಕಡೆ ತಿರುಗಿ, "ಹೇಳು ಅವರಿಗೆ. ಆಕಿ ಎಲ್ಲಾರ ಮುಂದ ಹೊಲಸ ಅಂದದ್ದಕ್ಕ ನಾ ತಿಕ್ಕಿದ್ದು ಅಂತ ಹೇಳು. ಬಣ್ಣ ಬಿಡೂತನಕ ಮನ್ಯಾಗ ಕುಂತ್ರ ಕಂತ್ರಾಟಿನವ ಜಾಗಾ ಇಟ್ಟಿರತಾನೇನು ಕೇಳು," ಎಂದಳು.

ಹತ್ತನೆಯ ಇಯತ್ತೆಯ ವಿಂಧ್ಯಾ ಸಾಹೇಬರಿಗೆ ಹೇಳಿದ್ದು ಒಂದೇ ವಾಕ್ಯ. ಅದರಲ್ಲಿ 'ಮಾಫಿ' ಎಂಬ ಪದವಿತ್ತು.

ಹೊರಗೆ ಬಂದ ಮೇಲೆ ರುಕ್ಮಿಣಿ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು. "ನಾ ಎಲ್ಲಿ ಮಾಫಿ ಕೇಳಿದ್ನೆ?"

"ಹಾಸ್ಪಿಟಲ್‌ನಲ್ಲಿ ಹಂಗೇ ಬೋಲ್ನಾ ಪಡ್ತದ, ಮಮ್ಮಿ," ಎಂದಳು ವಿಂಧ್ಯಾ. ಅವಳ ಕನ್ನಡ ಮನೆಯ ಹೊಸ್ತಿಲು ದಾಟುತ್ತಲೇ ಕುಂಟುತ್ತಿತ್ತು. "ನಹೀಂ ತೋ ಸಬ್ ಹಸ್ತೇ ಹೈಂ. ನೀನು ನೋಡಿಲ್ಲ? ಎಲ್ಲಾರು ಪಪ್ಪಾನ್ನ ನೋಡಿ ಹಸ್ ರಹೇ ಥೇ."

ರುಕ್ಮಿಣಿ ನೋಡಿದ್ದಳು. ನೋಡದೆ ಇರಲು ಅವಳಿಗೇನು ಕಣ್ಣಿರಲಿಲ್ಲವೇ. ಅದಕ್ಕಿಂತ ಹೆಚ್ಚಾಗಿ, ನಕ್ಕವರ ಮಾತಿಗೆ ತಲೆಬಾಗಿ ಗಂಡನ ತೊಗಲು ಸುಲಿದವಳು ತಾನೇ ಎಂಬುದು ಅವಳನ್ನು ಸುಡುತ್ತಿತ್ತು. ಅಂದು ಮಧ್ಯಾಹ್ನ ಅವನ ಹೊಟ್ಟೆಗೆ ಕೊಬ್ಬರಿಎಣ್ಣೆ ಸವರುತ್ತ ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ ಬಿಡ. ನನಗೇನು ಕೈ ಇರಲಿಲ್ಲೇನು? ಸಾಕು ಅಂತ ನಾರ ಕಸ್ಗೊಂಡಿದ್ರ ಆಗತಿತ್ತು," ಎಂದ ಗುಂಡಪ್ಪ.

ಬಣ್ಣವೆಂದರೆ ನಾಚಿಕೆಪಡುವ ಮನೆತನ ಅವನದಾಗಿರಲಿಲ್ಲ. ಗುಳೇದಗುಡ್ಡದಲ್ಲಿ ಅವನ ಅಪ್ಪ ಕುಪ್ಪಸದ ಕಣದ ನೂಲಿಗೆ ಬಣ್ಣ ಹಾಕುತ್ತಿದ್ದ. ಹೆಣ್ಣು ನೋಡಲು ಬಂದ ದಿನ ಗುಂಡಪ್ಪನ ಕೈ ಮೊಣಕೈವರೆಗೆ ಕೆಂಪಿತ್ತು. ರುಕ್ಮಿಣಿಯ ಅವ್ವ ಮುಖ ನೋಡುವ ಮೊದಲು ಆ ಕೈ ನೋಡಿ, "ಕೈಯಾಗ ಕೆಲಸ ಐತಿ, ಹುಡುಗಿ ಉಪಾಸ ಇರೂದಿಲ್ಲ," ಎಂದು ಒಪ್ಪಿದ್ದಳು. ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಅದೇ ಕೈ ಹಿಡಿದುಕೊಂಡು ಇಬ್ಬರೂ ಅಹಮದಾಬಾದಿಗೆ ಬಂದಿದ್ದರು.

ಹೊಟ್ಟೆ ಮಾಯಿತು. ಹೊಸ ಚರ್ಮ ಎಳೆಗೂಸಿನ ಅಂಗೈಯಂತೆ ಬೆಳ್ಳಗೆ ಬಂತು. ಆದರೆ ಗುಂಡಪ್ಪ ಮನೆಯಲ್ಲಿ ಕೂರಲಿಲ್ಲ, ಕೂರುವಂತೆಯೂ ಇರಲಿಲ್ಲ. ಡ್ರಮ್ಮು ಎತ್ತದೆ ಬರೀ ಚೀಲ ತುಂಬುತ್ತೇನೆಂದು ಮೇಸ್ತ್ರಿಗೆ ಕೈಮುಗಿದು ಕೆಲಸಕ್ಕೆ ಹೋದ. ಹೊಸ ಚರ್ಮಕ್ಕೆ ಬಣ್ಣ ಹಳೆಯದಕ್ಕಿಂತ ಚೆನ್ನಾಗಿ ಹಿಡಿಯಿತು. ಆಪರೇಷನ್ ಮಾತೆತ್ತಿದರೆ, "ಸೊಂಟಕ್ಕ ಪಟ್ಟಾ ಕಟಗೊಂಡು ಇರತೀನಿ, ಆ ಮಂದಿ ಮುಂದ ಮತ್ತ ಅಂಗಿ ಎತ್ತಂಗಿಲ್ಲ," ಎಂದು ಗೋಡೆ ಕಡೆ ಹೊರಳಿಬಿಡುತ್ತಿದ್ದ.

ಹೋಳಿಯ ಮರುದಿನ, ಬಣ್ಣವಾಡುವ ಧುಳೇಟಿಯ ದಿನ ಕಾರ್ಖಾನೆಗೆ ರಜೆ. ಹೊರಗೆ ಚಾಲಿಗೆ ಚಾಲಿಯೇ ಬಣ್ಣ ಎರಚಿಕೊಂಡು ಕುಣಿಯುತ್ತಿತ್ತು. ವರ್ಷವಿಡೀ ಬಣ್ಣದಲ್ಲೇ ಇರುವ ಗುಂಡಪ್ಪ ಮಾತ್ರ ಬಾಗಿಲು ಹಾಕಿಕೊಂಡು ಒಳಗಿದ್ದ. ನೀರಿನ ಕೊಡ ಸರಿಸಲು ಬಗ್ಗಿದವನು "ಯವ್ವಾ" ಎಂದು ಅಲ್ಲೇ ಕುಸಿದ. ಗಂಟು ಕಲ್ಲಾಗಿತ್ತು. ಅಂಗಾತ ಮಲಗಿಸಿದರೂ ಒಳಗೆ ಹೋಗಲಿಲ್ಲ. ರುಕ್ಮಿಣಿ ಅವನ ಕಾಲುಗಳನ್ನು ಅಕ್ಕಿ ಡಬ್ಬದ ಮೇಲೆ ಎತ್ತಿಟ್ಟು ಕೈ ಹಿಡಿದು ಕೂತಳು. ವಿಂಧ್ಯಾ ರಿಕ್ಷಾ ಹುಡುಕಲು ಓಡಿದಳು, ಬಣ್ಣದ ದಿನ ರಿಕ್ಷಾ ಎಲ್ಲಿಂದ ಸಿಗಬೇಕು. ಅವಳು ಬರಿಗೈಲಿ ವಾಪಸು ಬರುವ ಹೊತ್ತಿಗೆ ಗುಂಡಪ್ಪನ ಹಣೆಯಿಂದ ನೇರಳೆ ಬೆವರು ಕಿವಿಗಿಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಮೇಲೆ, ಯಾವ ದೇವರು ಕಣ್ಣು ಬಿಟ್ಟನೋ, ಗಂಟು ಗುಳಕ್ಕೆಂದು ಒಳಗೆ ಜಾರಿತು. ರುಕ್ಮಿಣಿ ಸೆರಗಿನಿಂದ ಅವನ ಹಣೆ ಒರೆಸಿದಳು.

"ಮುಂಜಾನೆ ದವಾಖಾನಿಗೆ ಹೋಗೂಣು," ಎಂದಳು ರುಕ್ಮಿಣಿ.

"ಬಣ್ಣ?"

"ಇರಲಿ."

"ಹಿಂಗ ಹೋದ್ರ ಒಳಗ ಬಿಡಂಗಿಲ್ಲ ಆಕಿ."

"ಬಿಡ್ತಾಳ. ಬಿಡದ ಎಲ್ಲಿ ಹೋಗ್ತಾಳ?"

ಮರುದಿನ ಅವಳು ಅವನಿಗೆ ಬಿಸಿನೀರು ಕಾಯಿಸಿ ಮೈ ತೊಳೆದಳು. ಈ ಸಲ ನಾರಿಲ್ಲ, ಪುಡಿಯಿಲ್ಲ. ಸೋಪು, ನೀರು, ಮೆತ್ತನೆಯ ಹಳೆ ಧೋತರದ ತುಂಡು. ಕಿವಿಯ ಹಿಂದೆ, ಹೊಕ್ಕಳೊಳಗೆ, ಬೆರಳ ಸಂದಿಗಳಲ್ಲಿ ಕೂಸಿಗೆ ತೊಳೆಯುವ ಹಾಗೆ ತೊಳೆದಳು. ಉಗುರು ಕತ್ತರಿಸಿದಳು. ಒಗೆದ ಬಿಳಿ ಅಂಗಿ ತೊಡಿಸಿ, ಧೋತರದಿಂದ ಇನ್ನೊಂದು ಬಿಳಿ ತುಂಡು ಹರಿದು ತನ್ನ ಚೀಲದಲ್ಲಿಟ್ಟುಕೊಂಡಳು.

ವಾರ್ಡಿನಲ್ಲಿ ಅದೇ ಮೀರಾಬೆನ್. ಆದರೆ ಹಿಂದಿನ ದಿನದ ಹಬ್ಬ ಅವಳನ್ನೂ ಬಿಟ್ಟಿರಲಿಲ್ಲ. ಟೋಪಿಯ ಕೆಳಗೆ ಬೈತಲೆಯಲ್ಲಿ ಗುಲಾಬಿ ಬಣ್ಣ, ಬಿಳಿ ತೋಳಿನ ಅಂಚಿನಿಂದ ಮಣಿಕಟ್ಟಿನವರೆಗೆ ಗುಲಾಬಿ. ಅವಳು ಗುಂಡಪ್ಪನ ಅಂಗಿ ಎತ್ತಿದಳು, ಬಿಟ್ಟಳು.

"ಅರೇ ಗುಂಡಪ್ಪಭಾಯ್! ಮತ್ತೆ ಹಾಗೇ ಬಂದಿದ್ದೀರಲ್ಲ! ಸ್ನಾನ ಮಾಡಿ ಬನ್ನಿ ಅಂದರೆ ಅರ್ಥವಾಗಲ್ಲವಾ ನಿಮಗೆ? ಇಷ್ಟು ಗಂದಾ ಮೈಯನ್ನು ನಾನು ಮುಂದೆ ಕಳಿಸೋದಿಲ್ಲ."

ಎರಡು ಮೂರು ಮಂಚಗಳಿಂದ ನಗೆ ಎದ್ದಿತು. ಗುಂಡಪ್ಪ ಅಂಗಿ ಇಳಿಸಿ ಚಪ್ಪಲಿಗೆ ಕಾಲು ಹಾಕತೊಡಗಿದ.

"ಕುಂದರ್ರಿ," ಎಂದಳು ರುಕ್ಮಿಣಿ. ದನಿ ಜೋರಿರಲಿಲ್ಲ, ಆದರೆ ಗುಂಡಪ್ಪ ಕೂತ.

ಅವಳು ಚೀಲದಿಂದ ಬಿಳಿ ಅರಿವೆ ತೆಗೆದು ಮಂಚದ ಪಕ್ಕದ ಹೂಜಿಯ ನೀರಿನಲ್ಲಿ ಅದ್ದಿದಳು. ಗುಳೇದಗುಡ್ಡದಲ್ಲಿ ಕಣ ಕೊಳ್ಳುವ ಹೆಂಗಸು ಮಾಡುವುದೇ ಹೀಗೆ. ಒದ್ದೆ ಬಿಳಿ ಅರಿವೆಯಿಂದ ಕಣದ ಅಂಚು ಉಜ್ಜುತ್ತಾಳೆ. ಬಣ್ಣ ಹತ್ತಿದರೆ ಅದು ಕಚ್ಚಾ, ಹತ್ತದಿದ್ದರೆ ಪಕ್ಕಾ. ಮೈಗೆ ಹಿಡಿದದ್ದು ಪಕ್ಕಾ ಬಣ್ಣ, ಕೊಳೆಯಾದರೆ ತಾನೇ ಅರಿವೆಗೆ ಹತ್ತಬೇಕು ಎಂದು ತೋರಿಸಲೆಂದೇ ಅವಳು ಅದನ್ನು ತಂದಿದ್ದಳು. ಎಲ್ಲರೂ ನೋಡುತ್ತಿರುವಂತೆ ಗಂಡನ ಅಂಗಿ ಎತ್ತಿ ಹೊಟ್ಟೆ ಒರೆಸಿ ಅರಿವೆ ಎತ್ತಿ ಹಿಡಿದಳು.

ಅರಿವೆಗೆ ನೇರಳೆ ಹತ್ತಿತ್ತು. ತೆಳ್ಳಗೆ, ಆದರೆ ಕಾಣುವಷ್ಟು.

ಮೂಲೆಯ ಮಂಚದವನು ಜೋರಾಗಿ ನಕ್ಕ. ರುಕ್ಮಿಣಿ ಅರಿವೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಇಷ್ಟು ತೊಳೆದೂ ಇದು ಎಲ್ಲಿಂದ ಬಂತು? ರಿಕ್ಷಾದಲ್ಲಿ ಬೆವರಿದ್ದನೇ? ಒಂದು ಗಳಿಗೆ ಅವಳಿಗೆ ಅರಿವೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿಹೋಗಬೇಕೆನಿಸಿತು. ಓಡಲಿಲ್ಲ. ಅರಿವೆಯನ್ನು ಮಗುಚಿದಳು. ಎದುರಿಗಿದ್ದ ಮೀರಾಬೆನ್ನಳ ಮಣಿಕಟ್ಟು ಹಿಡಿದು ಬಿಳಿ ಮಗ್ಗುಲಿನಿಂದ ಒಂದೇ ಸಲ ಉಜ್ಜಿ, ಅದನ್ನೂ ಎತ್ತಿ ಹಿಡಿದಳು.

ಗುಲಾಬಿ. ಕಣ್ಣಿಗೆ ರಾಚುವಂಥ ಗುಲಾಬಿ.

ವಾರ್ಡಿನ ನಗೆ ನಿಂತುಹೋಯಿತು. ಮೀರಾಬೆನ್ ಕೈ ಕಿತ್ತುಕೊಂಡಳು. "ಏನು ಹುಚ್ಚು ಇದು! ಯಾರ ಮೈ ಮುಟ್ಟುತ್ತಿದ್ದೀರಿ ಗೊತ್ತಾ?"

ರುಕ್ಮಿಣಿ ಮಗಳ ಕಡೆ ತಿರುಗಿದಳು. "ಹೇಳು. ನಾ ಅಂದಂಗ ಹೇಳು, ಒಂದಕ್ಷರ ಮೆತ್ತಗ ಮಾಡಬ್ಯಾಡ. ಒಂದಿನ ಹಚಗೊಂಡ್ರ ಅದು ಆಕಿಗೆ ಹಬ್ಬ, ದಿನಾ ದುಡದು ಹತ್ತಿದ್ರ ಇವ್ರಿಗೆ ಹೊಲಸು? ನಿನ್ನೆ ಇಡೀ ಊರು ಮಾರಿಗೆ ಬಳಕೊಂಡ ಬಣ್ಣ ಚೀಲಕ್ಕ ತುಂಬಿದವ್ರು ಯಾರು, ಇಂಥವರ ಹೌದಲ್ಲೊ? ಆ ಕಿಡಕಿ ಪರದೆಗೆ ಬಣ್ಣ ಎಲ್ಲಿಂದ ಬಂತು ಕೇಳು. ಅರಿವಿ ಮ್ಯಾಲಿದ್ರ ಚಂದ, ಮನಷ್ಯಾನ ಮ್ಯಾಲಿದ್ರ ಛೀ? ಒಮ್ಮೆ ಆಕಿ ಮಾತ ಕೇಳಿ ಇವರ ತೊಗಲ ಸುಲದೀನಿ. ಇನ್ನ ಸುಲಿಯಂಗಿಲ್ಲ. ಹಿಂಗ ತೊಗೋಬೇಕು. ಇಲ್ಲಾಂದ್ರ ನಾ ಈ ಮಂಚದಿಂದ ಏಳಂಗಿಲ್ಲ."

ಹೇಳಿ, ಗಂಡನ ಪಕ್ಕ ಮಂಚದ ಮೇಲೆ ಕೂತೇಬಿಟ್ಟಳು.

ವಿಂಧ್ಯಾ ನೆಲ ನೋಡುತ್ತಿದ್ದಳು. "ಮಮ್ಮಿ ಕೆಹ್ ರಹೀ ಹೈ..." ಎಂದು ಹಿಂದಿಯಲ್ಲಿ ಶುರುಮಾಡಿ ನಿಲ್ಲಿಸಿದಳು. ಅಪ್ಪನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ಅಂಗಿಯ ಗುಂಡಿ ಒಂದೊಂದಾಗಿ ಹಾಕಿಕೊಳ್ಳುತ್ತಿದ್ದ. ಆಮೇಲೆ ವಿಂಧ್ಯಾ ಹಿಂದಿ ಬಿಟ್ಟು ಗುಜರಾತಿಗೆ ಬಂದಳು. ಗೆಳತಿಯರೊಂದಿಗೆ ಜಗಳವಾಡುವ, ಕನಸು ಕಾಣುವ ಅವಳ ಗುಜರಾತಿ. ಮಂಚಮಂಚಕ್ಕೂ ಕೇಳಿಸುವಂತೆ, ಅವ್ವನ ಒಂದು ಮಾತನ್ನೂ ಬಿಡದೆ, ಒಂದನ್ನೂ ಮೆತ್ತಗೆ ಮಾಡದೆ ಹೇಳಿದಳು. ಕೊನೆಗೆ ಅವ್ವ ಹೇಳದ ಮಾತನ್ನೂ ಸೇರಿಸಿದಳು. "ಇವರು ನನ್ನ ಪಪ್ಪಾ. ಇವರನ್ನು ಇನ್ನೊಂದು ಸಲ ಗಂದಾ ಅನ್ನಬೇಡಿ."

ಬಾಗಿಲಲ್ಲಿ ಪಾರೇಖ್ ಸಾಹೇಬರು ನಿಂತಿದ್ದರು. ಯಾವಾಗ ಬಂದರೋ ಯಾರೂ ನೋಡಿರಲಿಲ್ಲ. ಹತ್ತಿರ ಬಂದು ರುಕ್ಮಿಣಿಯ ಕೈಯಿಂದ ಅರಿವೆ ತೆಗೆದುಕೊಂಡು ಎರಡೂ ಮಗ್ಗುಲು ನೋಡಿದರು.

"ಬಣ್ಣ ಕೊಳೆಯಲ್ಲ, ಅದು ನನಗೂ ಗೊತ್ತು," ಎಂದರು. "ಆದರೆ ಇಲ್ಲಿ ಹತ್ತಿರೋದು ಪುಡಿ. ಇದು ಗಾಯದೊಳಗೆ ಇಳಿಯಬಾರದು. ಇನ್ನೊಂದು ಮಾತು. ನಾಳೆ ಹೊಲಿಗೆಯ ಸುತ್ತ ಕೆಂಪೇರಿದರೆ ಒಳಗೆ ಕೀವಾಗುತ್ತಿದೆ ಅಂತ ಅರ್ಥ. ಇಷ್ಟು ನೇರಳೆಯ ಮೇಲೆ ಆ ಕೆಂಪು ನಮಗೆ ಹೇಗೆ ಕಾಣಬೇಕು?"

ಸಾಹೇಬರ ಮಾತನ್ನು ಮಗಳು ಕನ್ನಡದಲ್ಲಿ ಹೇಳಿದ್ದನ್ನು ರುಕ್ಮಿಣಿ ಕೇಳಿಸಿಕೊಂಡಳು. ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ಅವಳ ದನಿ ತಗ್ಗಿತು, ಹಟ ತಗ್ಗಲಿಲ್ಲ. "ನನಗ ಕಾಣತೈತ್ರಿ. ಅವರ ಮೈ ನನಗ ಗೊತ್ತಿಲ್ಲೇನು? ದಿನಾ ನೋಡೇ ನೋಡತೀನಿ. ಹೊಸಾ ಬಣ್ಣ ಬಂದ್ರ ಮೊದಲ ನನಗ ತಿಳಿತೈತಿ. ಕರೀರಿ ನನ್ನ, ಹೇಳತೀನಿ."

"ನಿನ್ನೆ ಗಂಟು ಸಿಕ್ಕಿಕೊಂಡಿತ್ತು, ಸಾಹೇಬ್," ಎಂದು ವಿಂಧ್ಯಾ ನಡುವೆ ಹೇಳಿದಳು.

ಸಾಹೇಬರ ಮುಖ ಬದಲಾಯಿತು. ಗುಂಡಪ್ಪನನ್ನು ಮಲಗಿಸಿ ತೊಡೆಸಂದಿ ಒತ್ತಿ ನೋಡಿದರು. "ಹಾಗಾದರೆ ಕಾಯುವ ಹಾಗಿಲ್ಲ. ಇಲ್ಲೇ ಇರಿಸಿಕೊಳ್ಳಿ. ಆಸ್ಪತ್ರೆಯ ಸೋಪಿನಲ್ಲಿ ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ ಮೈ ತೊಳೆಯಬೇಕು. ತೊಳೆಯಬೇಕು, ತಿಕ್ಕಬಾರದು. ಬೆಳಗ್ಗೆ ಥಿಯೇಟರಿಗೆ ತಗೋತೀನಿ." ಮೀರಾಬೆನ್ನಳ ಕೈ ನೋಡಿದರು. "ನೀವೂ ಅದನ್ನು ತೊಳೆದುಕೊಳ್ಳಿ, ಸಿಸ್ಟರ್."

ಮೀರಾಬೆನ್ ಮುಖ ಕೆಂಪಗೆ ಮಾಡಿಕೊಂಡು, "ಸಾಹೇಬ್, ನಿಮ್ಮ ಎಡಗಿವಿ," ಎಂದಳು.

ಸಾಹೇಬರು ಕಿವಿಯ ಹಿಂದೆ ಬೆರಳಾಡಿಸಿ ನೋಡಿದರು. ಹಸಿರಾಗಿತ್ತು. ಕರವಸ್ತ್ರ ತೆಗೆದು ಒರೆಸಿಕೊಳ್ಳುತ್ತ ಹೊರಟುಹೋದರು.

ಸಂಜೆ ವಾರ್ಡಿನ ಬಚ್ಚಲಲ್ಲಿ ರುಕ್ಮಿಣಿ ಗಂಡನ ಮೈ ತೊಳೆಯುವಾಗ ಮೀರಾಬೆನ್ ಬಂದು ಪಕ್ಕದ ನಲ್ಲಿಯಲ್ಲಿ ಕೈ ತೊಳೆಯತೊಡಗಿದಳು. ಅದೇ ಕೆಂಪು ಕಾರ್ಬಾಲಿಕ್ ಸೋಪು. ಅವಳು ತಪ್ಪಾಯಿತು ಎನ್ನಲಿಲ್ಲ, ಅನ್ನುವ ಹೆಣ್ಣೂ ಆಗಿರಲಿಲ್ಲ. "ಒಳಗೆ ಕೀವಾದರೆ ಮೊದಲು ಬೈಸಿಕೊಳ್ಳೋದು ನಾನು. ಸಾಹೇಬರ ಬಾಯಿ ನೀವು ನೋಡಿಲ್ಲ," ಎಂದಳು ಹಿಂದಿಯಲ್ಲಿ, ಬೆನ್ನು ತಿರುಗಿಸಿಕೊಂಡೇ. ಸ್ವಲ್ಪ ಹೊತ್ತಿನ ಮೇಲೆ ಒಂದು ಉಂಡೆ ಹತ್ತಿ ಚಾಚಿದಳು. "ಹೊಕ್ಕಳಿಗೆ ಇದು ತಗೊಳ್ಳಿ, ಬೆನ್. ಬಟ್ಟೆ ಒಳಗೆ ಹೋಗಲ್ಲ." ತನ್ನನ್ನು ಅಕ್ಕ ಎಂದವಳ ಕೈಯಿಂದ ರುಕ್ಮಿಣಿ ತೆಗೆದುಕೊಂಡಳು.

ಬೆಳಗ್ಗೆ ಮತ್ತೆ ತೊಳೆದು ಗುಂಡಪ್ಪನನ್ನು ಥಿಯೇಟರಿಗೆ ಒಯ್ದರು. ಅರಿವಳಿಕೆಯ ಡಾಕ್ಟರು ರಕ್ತದ ಬಣ್ಣ ತಿಳಿಯಲು ಅವನ ಉಗುರು ನೋಡಿ, ಇದರಲ್ಲಿ ಏನೂ ಗೊತ್ತಾಗುವುದಿಲ್ಲವೆಂದು ನಾಲಿಗೆ ಚಾಚಲು ಹೇಳಿದರಂತೆ. "ಅದೊಂದು ಕೆಂಪ ಉಳದೈತಿ ಅಂತ ನನಗೂ ಗೊತ್ತಿರಲಿಲ್ಲ," ಎಂದು ಆಪರೇಷನ್ ಆಗಿ ಎಚ್ಚರ ಬಂದ ಮೇಲೆ ಗುಂಡಪ್ಪ ಹೆಂಡತಿಗೆ ಹೇಳಿದ. ನಗಲು ಹೋಗಿ ಹೊಲಿಗೆ ಎಳೆದು ಮುಖ ಹಿಂಡಿದ.

ಪಟ್ಟಿ ಬಿಚ್ಚುವ ದಿನ ರುಕ್ಮಿಣಿ ವರಾಂಡದಲ್ಲಿ ಡಬ್ಬಿ ತೊಳೆಯುತ್ತಿದ್ದಳು. ವಾರ್ಡಿನ ಒಳಗಿಂದ ಮೀರಾಬೆನ್ ಕೂಗಿದಳು.

"ಓ ಬೆನ್! ಬನ್ನಿ ಇಲ್ಲಿ. ನೋಡಿ ಹೇಳಿ."

ರುಕ್ಮಿಣಿ ಕೈ ಒರೆಸಿಕೊಂಡು ಹೋದಳು. ವಿಂಧ್ಯಾ ಅಪ್ಪನ ತಲೆದೆಸೆಯಲ್ಲಿ ನಿಂತಿದ್ದಳು. ನೇರಳೆ ಚರ್ಮದ ಮೇಲೆ ಹೊಲಿಗೆ ಓರೆಯಾಗಿ ಓಡಿತ್ತು. ರುಕ್ಮಿಣಿ ಕಿಟಕಿಯ ಬೆಳಕಿಗೆ ಅಡ್ಡವಾಗದಂತೆ ಈಚೆ ಸರಿದು ಬಗ್ಗಿದಳು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಒಂದು ಕಡೆ ತಡೆದು, ಮುಂಗೈಯನ್ನು ಚರ್ಮಕ್ಕೆ ಮೆಲ್ಲಗೆ ತಾಗಿಸಿ ಬಿಸಿ ಇದೆಯೇ ಎಂದು ನೋಡಿದಳು. ಮೀರಾಬೆನ್ ಬಿಚ್ಚಿದ ಪಟ್ಟಿಯನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದಳು.

"ಇದ ಅವರ ಬಣ್ಣ," ಎಂದಳು ರುಕ್ಮಿಣಿ ಕೊನೆಗೆ. "ಹೊಸಾದೇನಿಲ್ಲ."

ಮೀರಾಬೆನ್ ತಲೆಯಾಡಿಸಿದಳು. ಹೊಸ ಅರಿವೆಯ ತುಂಡೊಂದನ್ನು ಸಲೈನ್ ನೀರಿನಲ್ಲಿ ಅದ್ದಿ ಹೊಲಿಗೆಯ ಸುತ್ತ, ಹೊಕ್ಕಳ ಕೆಳಗೆ, ಸೊಂಟದ ಪಕ್ಕ ಒರೆಸಿದಳು. ಒರೆಸಿದ್ದನ್ನು ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

ಕೆಳಗೆ ಬಕೆಟ್ಟಿತ್ತು. ಅವಳು ಅದಕ್ಕೆ ಎಸೆಯಲಿಲ್ಲ. ಮಂಚದ ಪಕ್ಕದ ಮೇಜಿನ ಮೇಲೆ, ಅತ್ತಿತ್ತಲ ಮಂಚದವರಿಗೆಲ್ಲ ಕಾಣುವಂತೆ ಅದನ್ನು ಹರಡಿಟ್ಟು, ತಟ್ಟೆ ಎತ್ತಿಕೊಂಡು ಮುಂದಿನ ರೋಗಿಯ ಕಡೆ ಹೋದಳು. ಗುಂಡಪ್ಪ ಕತ್ತು ಹೊರಳಿಸಿ ನೋಡಿದ. ಅರಿವೆ ಬೆಳ್ಳಗಿತ್ತು.